ಪಕ್ಷಿತಜ್ಞ ಡಾ. ಸಲೀಂ ಅಲಿ: ಜೀವನ ಪರಿಚಯ ಹಾಗೂ ಮರಕುಟಿಗದ ಆಹಾರ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಭಾರತದಲ್ಲಿ ಪಕ್ಷಿಗಳ ವೈಜ್ಞಾನಿಕ ಅಧ್ಯಯನವನ್ನು ಜನಸಾಮಾನ್ಯರವರೆಗೆ ತಲುಪಿಸಿದ ಮಹನೀಯರಲ್ಲಿ ಡಾ. ಸಲೀಂ ಅಲಿ (1896–1987) ರವರು ಅಗ್ರಗಣ್ಯರು. ಅಂದಿನ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು 1939–40ರಲ್ಲಿ ಕೈಗೊಂಡವರೂ ಇವರೇ. ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಜಮೀನು, ತೋಟ ಹಾಗೂ ಹಿತ್ತಲುಗಳಲ್ಲಿನ ಹಳೆಯ ಅಥವಾ ಒಣಗಿದ ಮರಗಳನ್ನು ಕಡಿಯಲು ಅನುಮತಿ ಕೋರುವ ಸಾರ್ವಜನಿಕರು, ಅಂತಹ ಮರಗಳನ್ನೇ ಆಹಾರಕ್ಕಾಗಿ ಆಶ್ರಯಿಸಿರುವ ಮರಕುಟಿಗ ಪಕ್ಷಿಯ ಬಗ್ಗೆ ತಿಳಿದಿರುವುದು ಸೂಕ್ತ. ಮರಕುಟಿಗಕ್ಕೂ ಸಲೀಂ ಅಲಿಯವರ ಬಾಳಿಗೂ ಹತ್ತಿರದ ನಂಟಿದೆ. ಈ ಕಾರಣದಿಂದ ಅವರ ಜೀವನ ಪರಿಚಯವನ್ನು ಮರಕುಟಿಗದ ಆಹಾರ ಕ್ರಮದ ಮಾಹಿತಿಯೊಂದಿಗೆ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ನೇ ಇಸವಿ ನವೆಂಬರ್ 12ರಂದು ಬೊಂಬಾಯಿಯಲ್ಲಿ ಜನಿಸಿದರು. ತಂದೆ ತಾಯಿಗಳ ಹತ್ತು ಮಕ್ಕಳಲ್ಲಿ ಇವರು ಕಿರಿಯರು. ಒಂದು ವರ್ಷದವರಿದ್ದಾಗ ತಂದೆಯನ್ನೂ, ಮೂರು ವರ್ಷದವರಿದ್ದಾಗ ತಾಯಿಯನ್ನೂ ಕಳೆದುಕೊಂಡ ಇವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಹಾಗೂ ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಸಾಕಿ ಬೆಳೆಸಿದರು. ಮಾವನವರು ಬೇಟೆಯಲ್ಲಿ ಆಸಕ್ತರಾಗಿದ್ದುದರಿಂದ ಬಾಲಕನ ಕೈಗೂ ಆಟದ ಏರ್‌ಗನ್ ಒಂದು ಬಂದಿತು.

ಒಮ್ಮೆ ಬಾಲಕ ಸಲೀಂ ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಬಣ್ಣದ ಗುರುತು ಕಂಡುಬಂದಿತು. ಇದು ಯಾವ ಹಕ್ಕಿ ಎಂದು ಮನೆಯಲ್ಲಿ ಯಾರಿಗೂ ತಿಳಿಯದೆ ಹೋದಾಗ ಮಾವನವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. 1883ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಗೌರವ ಕಾರ್ಯದರ್ಶಿಗಳಾಗಿದ್ದ ಡಬ್ಲ್ಯೂ. ಎಸ್. ಮಿಲ್ಲಾರ್ಡ್‌ರವರು ಅದನ್ನು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದರಲ್ಲದೆ, ಸಂಸ್ಥೆಯಲ್ಲಿ ಸಂಗ್ರಹಿಸಿಟ್ಟಿದ್ದ ಪಕ್ಷಿಗಳ ಚರ್ಮಗಳನ್ನು ಒಂದೊಂದಾಗಿ ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಕಚೇರಿಗೆ ಸಂದೇಹವನ್ನು ಹೊತ್ತು ಬಂದ ಒಬ್ಬ ಹುಡುಗನನ್ನು ಅಧಿಕಾರಿಯೊಬ್ಬರು ತಾಳ್ಮೆಯಿಂದ ಬರಮಾಡಿಕೊಂಡದ್ದರಿಂದ ದೇಶಕ್ಕೆ ಒಬ್ಬ ಪಕ್ಷಿತಜ್ಞರು ದೊರೆತಂತಾಯಿತು.

ವಿದ್ಯಾಭ್ಯಾಸ ಮತ್ತು ವ್ಯಾಪಾರ

ಸಲೀಂ ಅಲಿಯವರು ಶಾಲೆಯಲ್ಲಿ ಮುಂದಿನ ಸಾಲಿನ ವಿದ್ಯಾರ್ಥಿಯೇನೂ ಆಗಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಾಲೇಜು ಸೇರಿದರೂ ಗಣಿತದ ಕಷ್ಟದಿಂದ ಮೊದಲ ವರ್ಷದ ನಂತರ ಓದನ್ನು ಬಿಟ್ಟರು. ಬಳಿಕ ಬರ್ಮಾ ದೇಶದ ತವಾಯ್ ಎಂಬಲ್ಲಿಗೆ ತೆರಳಿ ಕುಟುಂಬದ ಅದಿರು ಗಣಿ ಹಾಗೂ ಮರಮುಟ್ಟಿನ ವ್ಯವಹಾರವನ್ನು ನೋಡಿಕೊಂಡರು. ಸುತ್ತಲೂ ಕಾಡಿದ್ದುದರಿಂದ ವ್ಯವಹಾರಕ್ಕಿಂತ ಹಕ್ಕಿಗಳ ವೀಕ್ಷಣೆಯಲ್ಲಿಯೇ ಹೆಚ್ಚು ಕಾಲ ಕಳೆಯಿತು.

1917ರಲ್ಲಿ ಬೊಂಬಾಯಿಗೆ ಹಿಂತಿರುಗಿದ ಮೇಲೆ ದಾವರ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಹಾಗೂ ಲೆಕ್ಕಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಇದೇ ಸಮಯದಲ್ಲಿ ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್‌ರವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರದ ತರಗತಿಗಳಿಗೂ ಹಾಜರಾದರು. ಬೆಳಗಿನಲ್ಲಿ ಒಂದು ಕಾಲೇಜು, ಬಳಿಕ ಮತ್ತೊಂದು ಕಾಲೇಜು ಎಂಬಂತೆ ಜಮಾ ಖರ್ಚು ಬರೆಯುವ ವಿದ್ಯೆಯೂ ಜೀವಿಗಳನ್ನು ಅರಿಯುವ ವಿದ್ಯೆಯೂ ಜೊತೆಯಾಗಿ ನಡೆದವು. ಕಂಡದ್ದನ್ನು ಅಂದೇ ದಿನಾಂಕ ಸಹಿತ ಬರೆದಿಡುವುದು ಇವರ ಮುಂದಿನ ಕಾರ್ಯವಿಧಾನದ ತಳಹದಿಯಾಯಿತು. 1918ರಲ್ಲಿ ತೆಹಮಿನಾ ಬೇಗಂರವರೊಡನೆ ವಿವಾಹವಾಯಿತು.

ಉದ್ಯೋಗ ಮತ್ತು ಉದ್ಯೋಗ ನಷ್ಟ

ವಿಶ್ವವಿದ್ಯಾನಿಲಯದ ಪದವಿ ಇಲ್ಲದಿದ್ದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಇವರಿಗೆ ದೊರೆಯಲಿಲ್ಲ. 1926ರಲ್ಲಿ ಬೊಂಬಾಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಪ್ರಕೃತಿ ವಿಭಾಗದಲ್ಲಿ ಮಾಸಿಕ 350 ರೂಪಾಯಿ ವೇತನದ ಮಾರ್ಗದರ್ಶಿ ಉಪನ್ಯಾಸಕರಾಗಿ ನೇಮಕಗೊಂಡರು. ಎರಡು ವರ್ಷಗಳ ನಂತರ ಅಧ್ಯಯನ ರಜೆ ಪಡೆದು ಜರ್ಮನಿಗೆ ತೆರಳಿ ಬರ್ಲಿನ್ ನಗರದ ಪ್ರಾಣಿ ವಸ್ತುಸಂಗ್ರಹಾಲಯದಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮನ್‌ರವರ ಬಳಿ ತರಬೇತಿ ಹೊಂದಿದರು. 1930ರಲ್ಲಿ ಹಿಂತಿರುಗಿದಾಗ ಹಣದ ಅಭಾವದಿಂದ ಇವರ ಹುದ್ದೆಯೇ ರದ್ದಾಗಿತ್ತು.

ವೇತನವಿಲ್ಲದ ದಂಪತಿಗಳು ಅಲಿಬಾಗ್ ಸಮೀಪದ ಕಿಹಿಂ ಎಂಬ ಕಡಲತೀರದ ಗ್ರಾಮದಲ್ಲಿ ನೆಲೆಸಿದರು. ಅಲ್ಲಿ ಸಲೀಂ ಅಲಿಯವರು ಗೀಜಗ ಪಕ್ಷಿಗಳ ಸಂಸಾರವನ್ನು ದಿನಗಟ್ಟಲೆ ಕುಳಿತು ಗಮನಿಸಿದರು. ಗಂಡು ಗೀಜಗವು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರಿಶೀಲಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ಣಗೊಳಿಸಿ, ನಂತರ ಮತ್ತೊಂದು ಗೂಡನ್ನು ಆರಂಭಿಸುತ್ತದೆ ಎಂಬ ಸಂಗತಿಯನ್ನು ಅವರು ದಾಖಲಿಸಿದರು. ಹಕ್ಕಿಯನ್ನು ಕೊಂದು ಚರ್ಮವನ್ನು ಅಳೆಯುವುದೇ ಪಕ್ಷಿಶಾಸ್ತ್ರವೆಂದು ಬಹುಮಟ್ಟಿಗೆ ತಿಳಿಯಲಾಗಿದ್ದ ಕಾಲದಲ್ಲಿ ಜೀವಂತ ಹಕ್ಕಿಯ ನಡವಳಿಕೆಯನ್ನು ಕುರಿತ ಈ ಅಧ್ಯಯನವು ಗಮನ ಸೆಳೆಯಿತು. 1932ರಲ್ಲಿ ಹೂವುಗಳಿಗೆ ಮಕರಂದಕ್ಕಾಗಿ ಭೇಟಿ ನೀಡುವ ಹಕ್ಕಿಗಳ ಬಗ್ಗೆ ಲೇಖನವನ್ನು ಪ್ರಕಟಿಸಿದರು. ಹಕ್ಕಿಯು ಏನನ್ನು ತಿನ್ನುತ್ತದೆ, ಎಲ್ಲಿ ತಿನ್ನುತ್ತದೆ, ಅದರಿಂದ ಮರಗಿಡಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಅಂದಿನಿಂದಲೂ ಅವರ ಬರವಣಿಗೆಯಲ್ಲಿ ಮುಖ್ಯವಾಗಿವೆ.

ಸಂಸ್ಥಾನಗಳ ಸಮೀಕ್ಷೆ ಹಾಗೂ ತೆಹಮಿನಾರವರ ಹೆಸರಿನ ಮರಕುಟಿಗ

ಉದ್ಯೋಗವಿಲ್ಲದ ಈ ಅವಧಿಯಲ್ಲಿ ಸಲೀಂ ಅಲಿಯವರು ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಯನ್ನು ಕೈಗೊಳ್ಳಲು ಮುಂದಾದರು. ಪ್ರಯಾಣ ಹಾಗೂ ಬಿಡಾರದ ವೆಚ್ಚವನ್ನು ಸಂಸ್ಥಾನವು ಭರಿಸಿದಲ್ಲಿ ಸಂಬಳವಿಲ್ಲದೆ ದುಡಿಯುವುದಾಗಿ ಒಪ್ಪಿಕೊಂಡರು. ಮೊದಲು ಹೈದರಾಬಾದ್, ನಂತರ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ಈ ಕಾರ್ಯ ನಡೆಯಿತು. ತೆಹಮಿನಾರವರು ಸಮೀಕ್ಷೆಯ ಬಿಡಾರಗಳಲ್ಲಿ ಪತಿಯ ಜೊತೆಗಿದ್ದು ನೆರವಾದರು.

ಸಮೀಕ್ಷೆಯಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಇಂಗ್ಲೆಂಡಿನ ಹ್ಯೂ ವಿಸ್ಲರ್‌ರವರು ಪರಿಶೀಲಿಸುತ್ತಿದ್ದರು. ನಮ್ಮ ತೋಟಗಳಲ್ಲಿ ಕಾಣಸಿಗುವ ಹೊಂಬೆನ್ನಿನ ಮರಕುಟಿಗದ ನೈಋತ್ಯ ಭಾರತದ ಬಗೆಯು ಉಳಿದವುಗಳಿಗಿಂತ ಸ್ವಲ್ಪ ಭಿನ್ನವೆಂದು ಕಂಡುಬಂದ ಕಾರಣ, ವಿಸ್ಲರ್ ಹಾಗೂ ನಾರ್ಮನ್ ಕಿನ್ನಿಯರ್‌ರವರು 1934ರಲ್ಲಿ ಅದಕ್ಕೆ ತೆಹಮಿನಾರವರ ಹೆಸರನ್ನಿಟ್ಟರು. ಅದರ ವೈಜ್ಞಾನಿಕ ಹೆಸರು ಡೈನೋಪಿಯಂ ಬೆಂಗಾಲೆನ್ಸ್ ತೆಹಮಿನೇ. ಬೆನ್ನಿನ ಹೊಂಬಣ್ಣಕ್ಕೆ ಹಸಿರು ಛಾಯೆಯೂ, ಕಪ್ಪು ಗಂಟಲಿನ ಮೇಲೆ ಸಣ್ಣ ಬಿಳಿ ಚುಕ್ಕೆಗಳೂ ಇರುವುದು ಈ ಬಗೆಯ ಲಕ್ಷಣ.

1939ರಲ್ಲಿ ಶಸ್ತ್ರಚಿಕಿತ್ಸೆಯೊಂದರ ನಂತರ ತೆಹಮಿನಾರವರು ನಿಧನರಾದರು. ಸಲೀಂ ಅಲಿಯವರು ಮರುವಿವಾಹವಾಗಲಿಲ್ಲ. ಸಹೋದರಿ ಕಮ್ಮೂ ಹಾಗೂ ಅವರ ಪತಿಯ ಮನೆಯಲ್ಲಿ ಆಶ್ರಯ ಪಡೆದರು. ಮೈಸೂರು ಸಂಸ್ಥಾನದ ಸಮೀಕ್ಷೆ ಆರಂಭವಾದದ್ದು ಇದೇ ವರ್ಷದಲ್ಲಿ. ಹಲವು ವರ್ಷ ಬಿಡಾರವನ್ನು ಹಂಚಿಕೊಂಡಿದ್ದ ಪತ್ನಿ ಈ ಬಾರಿ ಜೊತೆಗಿರಲಿಲ್ಲ. ಆಕೆಯ ಹೆಸರು ಹೊತ್ತ ಹಕ್ಕಿಯ ಬಳಗದವು ಮಾತ್ರ ಈ ನಾಡಿನ ಮಾವು, ಹುಣಸೆ, ತೆಂಗಿನ ಮರಗಳ ಮೇಲೆ ಎಂದಿನಂತೆ ಕಾಣಸಿಗುತ್ತಿದ್ದವು.

ಮೈಸೂರು ಸಮೀಕ್ಷೆ ಮತ್ತು ರಂಗನತಿಟ್ಟು

1939–40ರ ಮೈಸೂರು ಸಮೀಕ್ಷೆಯ ವರದಿಯು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1942–43ರ ಅವಧಿಯಲ್ಲಿ ಹಲವು ಕಂತುಗಳಾಗಿ ಪ್ರಕಟವಾಯಿತು. ಸಮೀಕ್ಷೆಯ ವೇಳೆ ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗುಂಪಾಗಿ ಗೂಡುಕಟ್ಟುವುದನ್ನು ಸಲೀಂ ಅಲಿಯವರು ಗಮನಿಸಿದರು. ಅವರ ಮನವಿಯ ಮೇರೆಗೆ ಮೈಸೂರಿನ ಒಡೆಯರ ಸರ್ಕಾರವು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಂಗನತಿಟ್ಟು ರಾಮ್ಸರ್ ತಾಣಗಳ ಪಟ್ಟಿಗೂ ಸೇರಿದೆ.

ರಂಗನತಿಟ್ಟನ್ನು ದಾಟಿ ಕೆಳಕ್ಕೆ ಹರಿಯುವ ಕಾವೇರಿಗೆ, ನಂಜನಗೂಡಿನ ಮೂಲಕ ಬರುವ ಕಪಿಲಾ ನದಿಯು ತಿರುಮಕೂಡಲಿನಲ್ಲಿ ಸೇರುತ್ತದೆ. ಈ ಎರಡು ನದಿಗಳ ನಡುವಣ ಹಾಗೂ ಆಸುಪಾಸಿನ ಊರುಗಳಲ್ಲಿ ನಾಲೆಯ ನೀರಿನ ಗದ್ದೆ, ತೆಂಗು ಬಾಳೆಯ ತೋಟ, ಹೊಲದ ಬದುವಿನ ಹುಣಸೆ, ಬೇವು, ರಸ್ತೆ ಬದಿಯ ಆಲ, ಅರಳಿ ಮರಗಳು ಇವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ದೂರದಿಂದಲೂ ಜನ ಬರುತ್ತಾರೆ. ಆದರೆ ವರ್ಷವಿಡೀ ಮನೆಯ ಹಿತ್ತಲಿನಲ್ಲೇ ಇರುವ ಮರಕುಟಿಗಕ್ಕೆ ಪಕ್ಷಿಧಾಮವೆಂಬುದಿಲ್ಲ. ಅದರ ರಕ್ಷಣೆಯು ಮರದ ಮಾಲೀಕರ ತೀರ್ಮಾನವನ್ನೇ ಅವಲಂಬಿಸಿದೆ.

ಮರಕುಟಿಗದ ಆಹಾರ ಕ್ರಮ

ಸಲೀಂ ಅಲಿಯವರು 1941ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಕೈಪಿಡಿಯೂ, ಅಮೆರಿಕದ ಡಿಲ್ಲನ್ ರಿಪ್ಲೇರವರೊಡನೆ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ ಬೃಹತ್ ಗ್ರಂಥವೂ ಪ್ರತಿಯೊಂದು ಹಕ್ಕಿಯ ರೂಪ, ನೆಲೆ, ಗೂಡುಗಳ ಜೊತೆಗೆ ಆಹಾರವನ್ನೂ ತಿಳಿಸುತ್ತವೆ. ಮರಕುಟಿಗದ ಕುರಿತು ತಿಳಿದುಬಂದಿರುವ ಮುಖ್ಯಾಂಶಗಳು ಕೆಳಕಂಡಂತಿವೆ.

1. ಹೊಂಬೆನ್ನಿನ ಮರಕುಟಿಗದ ಮುಖ್ಯ ಆಹಾರ ಇರುವೆಗಳು, ಅದರಲ್ಲೂ ಕಪ್ಪು ಗೊದ್ದಗಳು. ಜೀರುಂಡೆಗಳ ಮರಿಹುಳುಗಳು ಹಾಗೂ ತೊಗಟೆಯ ಅಡಿಯಲ್ಲಿ ವಾಸಿಸುವ ಇತರೆ ಕೀಟಗಳನ್ನೂ ತಿನ್ನುತ್ತದೆ. ಇರುವೆಗಳಿಗಾಗಿ ಕೆಲವೊಮ್ಮೆ ನೆಲಕ್ಕೂ ಇಳಿಯುತ್ತದೆ.

2. ಇದು ಮರದ ಕೆಳಭಾಗಕ್ಕೆ ಬಂದು ಕುಳಿತು, ಕಾಂಡವನ್ನು ಸುತ್ತಿಕೊಂಡು ಮೇಲೇರುತ್ತಾ ತೊಗಟೆಯನ್ನು ಕೊಕ್ಕಿನಿಂದ ತಟ್ಟಿ ನೋಡುತ್ತದೆ. ಬಿರುಸಾದ ಬಾಲದ ಗರಿಗಳನ್ನು ಕಾಂಡಕ್ಕೆ ಊರುಗೋಲಿನಂತೆ ಒತ್ತಿಕೊಳ್ಳುತ್ತದೆ. ತೊಗಟೆ ಸಡಿಲವಾಗಿದ್ದಲ್ಲಿ ಅದನ್ನು ಕಿತ್ತು, ಟೊಳ್ಳಾದಲ್ಲಿ ಕುಟುಕಿ, ಅಂಟು ಹಾಗೂ ಮುಳ್ಳುಗಳಿರುವ ಉದ್ದನೆಯ ನಾಲಿಗೆಯನ್ನು ಒಳತೂರಿಸಿ ಹುಳುವನ್ನು ಹೊರತೆಗೆಯುತ್ತದೆ.

3. ಬೂರುಗ, ಮುತ್ತುಗ, ಹಾಲವಾಣದಂತಹ ಮರಗಳು ಹೂಬಿಟ್ಟಾಗ ಮಕರಂದಕ್ಕಾಗಿಯೂ ಮರಕುಟಿಗಗಳು ಬರುವುದುಂಟು. ತೋಟಗಳಲ್ಲಿ ಮಾಗಿದ ಹಾಗೂ ಉದುರಿದ ಹಣ್ಣಿನ ತಿರುಳನ್ನೂ ತಿನ್ನುತ್ತದೆ.

4. ತಲೆಯ ಜುಟ್ಟು ಪೂರ್ಣ ಕೆಂಪಾಗಿದ್ದರೆ ಗಂಡು. ಹಣೆಯ ಭಾಗ ಕಪ್ಪಾಗಿದ್ದು ಅದರ ಮೇಲೆ ಬಿಳಿ ಚುಕ್ಕೆಗಳಿದ್ದರೆ ಹೆಣ್ಣು.

5. ಫೆಬ್ರವರಿಯಿಂದ ಜುಲೈವರೆಗಿನ ಅವಧಿಯಲ್ಲಿ ಮರದಲ್ಲಿ ಪೊಟರೆ ಕೊರೆದು ಮೊಟ್ಟೆಯಿಡುತ್ತದೆ. ಮರಕುಟಿಗ ಬಿಟ್ಟುಹೋದ ಪೊಟರೆಯನ್ನು ಗಿಳಿ, ಗೊರವಂಕ, ಮಡಿವಾಳ ಹಕ್ಕಿ ಹಾಗೂ ಸಣ್ಣ ಗೂಬೆಗಳು ಬಳಸುತ್ತವೆ.

ಹಿತ್ತಲಿನಲ್ಲಿ ಆಹಾರವಿಡುವ ಬಗ್ಗೆ

ಅಮೆರಿಕ, ಯೂರೋಪುಗಳ ಶೀತ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಹಿತ್ತಲಿನ ತಟ್ಟೆ, ಜಾಲರಿಗಳಲ್ಲಿ ಪ್ರಾಣಿಗಳ ಕೊಬ್ಬು ಹಾಗೂ ಕಾಳುಗಳನ್ನಿಟ್ಟು ಮರಕುಟಿಗಗಳನ್ನು ಬರಮಾಡಿಕೊಳ್ಳುವ ರೂಢಿ ಇದೆ. ನಮ್ಮ ಸೀಮೆಯಲ್ಲಿ ಅಂಗಳದಲ್ಲಿ ಅಕ್ಕಿ, ನವಣೆ, ರಾಗಿಯನ್ನು ಚೆಲ್ಲಿದರೆ ಗುಬ್ಬಿ, ಪಾರಿವಾಳಗಳು ಬರುತ್ತವೆಯೇ ಹೊರತು ಮರಕುಟಿಗ ಬರುವುದಿಲ್ಲ. ಅದು ಕಾಳು ತಿನ್ನುವ ಹಕ್ಕಿಯಲ್ಲ. ಮಾಗಿದ ಪರಂಗಿ ಅಥವಾ ಬಾಳೆಹಣ್ಣನ್ನು ಮರದ ಕವಲಿನಲ್ಲಿ ಇಟ್ಟರೆ ಒಮ್ಮೊಮ್ಮೆ ಬರಬಹುದು. ಮಣ್ಣಿನ ಬೋಗುಣಿಯಲ್ಲಿ ನೀರಿಡುವುದರಿಂದ ಬೇಸಿಗೆಯಲ್ಲಿ ಎಲ್ಲ ಹಕ್ಕಿಗಳಿಗೂ ಅನುಕೂಲವಾಗುತ್ತದೆ. ಆದರೆ ಇವು ಮರಕ್ಕೆ ಬದಲಿಯಾಗಲಾರವು. ಇರುವೆ ಹರಿಯುವ ಹಳೆಯ ಮಾವು, ತೊಗಟೆ ಬಿಟ್ಟುಕೊಂಡಿರುವ ಹುಣಸೆ, ಸುಳಿ ಹೋಗಿ ನಿಂತ ತೆಂಗಿನ ಕಾಂಡ, ಒಣಗಿದ ಕೊಂಬೆ, ಇವೇ ಮರಕುಟಿಗದ ಊಟದ ತಟ್ಟೆ.

ಮರಕುಟಿಗವು ಕುಟ್ಟಿ ಕುಟ್ಟಿ ಮರವನ್ನು ಸಾಯಿಸುತ್ತದೆ ಎಂಬ ಅಭಿಪ್ರಾಯ ಕೆಲವರಲ್ಲಿದೆ. ಸಾಮಾನ್ಯವಾಗಿ ಅದು ಆಳವಾಗಿ ಕೊರೆಯುವುದು ಹುಳು ಹಿಡಿದು ಅಥವಾ ಕೊಳೆತು ಮೆತ್ತಗಾದ ಭಾಗವನ್ನು. ಕೊರೆದ ಗುರುತು ಮರದ ಒಳಗಿನ ರೋಗವನ್ನು ಮಾಲೀಕರಿಗೆ ತಿಳಿಸುವ ಸೂಚನೆಯೇ ಆಗಿರಬಹುದು. ತೋಟದಲ್ಲಿ ನಾಲ್ಕು ಹಣ್ಣು ಕುಕ್ಕುವುದು, ಕಾಂಡದಲ್ಲಿ ಪೊಟರೆ ಮಾಡುವುದು ಖರ್ಚಿನ ಬಾಬತ್ತಾದರೆ, ವರ್ಷವಿಡೀ ಹೆಕ್ಕಿ ತಿನ್ನುವ ಹುಳುಗಳು ಜಮೆಯ ಬಾಬತ್ತು. ಎರಡನ್ನೂ ನೋಡದೆ ಲೆಕ್ಕ ಮುಗಿಸುವುದು ಸರಿಯಲ್ಲ ಎಂಬುದನ್ನು ಸಲೀಂ ಅಲಿಯವರ ಕಾರ್ಯವಿಧಾನವು ಕಲಿಸುತ್ತದೆ.

ಉತ್ತರ ಜೀವನ ಮತ್ತು ಗೌರವಗಳು

ಸ್ವಾತಂತ್ರ್ಯಾನಂತರ ಹಣಕಾಸಿನ ತೊಂದರೆಗೆ ಸಿಲುಕಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೆರವು ನೀಡುವಂತೆ ಸಲೀಂ ಅಲಿಯವರು ಪ್ರಧಾನಿ ಜವಾಹರಲಾಲ್ ನೆಹರೂರವರಿಗೆ ಪತ್ರ ಬರೆದು ಸಂಸ್ಥೆಯನ್ನು ಉಳಿಸಿದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ, ವಲಸೆ ಹಕ್ಕಿಗಳ ಮೂಲಕ ರೋಗಾಣು ಬಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅರಿಯುವ ಸೊಸೈಟಿಯ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತಿದ್ದು, ಅದರ ನೇತೃತ್ವವನ್ನು ಇವರು ವಹಿಸಿದ್ದರು. ಭರತಪುರದ ಪಕ್ಷಿಧಾಮ ಹಾಗೂ ಕೇರಳದ ಮೌನ ಕಣಿವೆಯ ಉಳಿವಿಗಾಗಿಯೂ ಶ್ರಮಿಸಿದರು.

ಪದವಿ ಇಲ್ಲವೆಂದು ಹುದ್ದೆ ದೊರೆಯದಿದ್ದ ಇವರಿಗೆ ಅಲಿಗಢ, ದೆಹಲಿ ಹಾಗೂ ಆಂಧ್ರ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಭಾರತ ಸರ್ಕಾರವು 1958ರಲ್ಲಿ ಪದ್ಮಭೂಷಣ ಹಾಗೂ 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1985ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ ತಮ್ಮ ಬಾಲ್ಯದ ಗುಬ್ಬಿಯನ್ನು ನೆನಪಿಸುವ ಶೀರ್ಷಿಕೆಯನ್ನೇ ಇಟ್ಟರು. 1987ರಲ್ಲಿ, ತೊಂಬತ್ತು ವರ್ಷ ತುಂಬಿದ ಬಳಿಕ ಬೊಂಬಾಯಿಯಲ್ಲಿ ನಿಧನರಾದರು. 1990ರಲ್ಲಿ ಇವರ ಹೆಸರಿನ ಪಕ್ಷಿಶಾಸ್ತ್ರ ಕೇಂದ್ರವು ಕೊಯಮತ್ತೂರಿನಲ್ಲಿ ಸ್ಥಾಪನೆಯಾಯಿತು.

ಅರ್ಜಿದಾರರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ಖಾಸಗಿ ಜಮೀನಿನಲ್ಲಿನ ಮರವನ್ನು ಕಡಿಯಲು ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅವಶ್ಯಕ. ತೆಂಗು, ಸರ್ವೆ, ನೀಲಗಿರಿ ಮುಂತಾದ ಕೆಲವು ಜಾತಿಗಳಿಗೆ ಇದರಿಂದ ವಿನಾಯಿತಿ ಇದೆ. ಮರವು ಒಣಗಿರುವುದು, ರೋಗಪೀಡಿತವಾಗಿರುವುದು, ಗಾಳಿಗೆ ಉರುಳಿರುವುದು ಹಾಗೂ ಪ್ರಾಣ ಅಥವಾ ಆಸ್ತಿಗೆ ಅಪಾಯಕಾರಿಯಾಗಿರುವುದು ಅನುಮತಿ ನೀಡಲು ಅಧಿನಿಯಮವು ಗುರುತಿಸಿರುವ ಕಾರಣಗಳಲ್ಲಿ ಸೇರಿವೆ. ಅಂದರೆ ಮರಕುಟಿಗಕ್ಕೆ ಅತ್ಯಂತ ಉಪಯುಕ್ತವಾದ ಒಣಮರವೇ ಕಡಿಯಲು ಸುಲಭವಾಗಿ ಅನುಮತಿ ದೊರೆಯುವ ಮರವೂ ಆಗಿದೆ. ಕಡಿದ ಮರಕ್ಕೆ ಬದಲಾಗಿ ನೆಡುವ ಸಸಿಯು ಮರಕುಟಿಗಕ್ಕೆ ಆಹಾರ ಒದಗಿಸುವ ಹಂತಕ್ಕೆ ಬರಲು ಹಲವಾರು ವರ್ಷಗಳು ಬೇಕು.

ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಲು ಕೋರಲಾಗಿದೆ.

1. ಮರವು ಮನೆ, ರಸ್ತೆ ಅಥವಾ ವಿದ್ಯುತ್ ತಂತಿಯ ಮೇಲೆ ಬೀಳುವ ಸಂಭವವಿದ್ದಲ್ಲಿ ವಿಳಂಬವಿಲ್ಲದೆ ಅರ್ಜಿ ಸಲ್ಲಿಸುವುದು. ಜನರ ಪ್ರಾಣ ರಕ್ಷಣೆಯೇ ಮೊದಲು.

2. ಅಂತಹ ಅಪಾಯವಿಲ್ಲದಿದ್ದಲ್ಲಿ ಕೆಲವು ದಿನ ಬೆಳಗಿನ ವೇಳೆ ಮರವನ್ನು ಗಮನಿಸುವುದು. ದಿನಾಂಕ, ಸಮಯ, ಬಂದ ಹಕ್ಕಿ, ಕುಳಿತ ಜಾಗ, ತಿಂದ ವಸ್ತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು.

3. ಕಾಂಡದಲ್ಲಿ ದುಂಡಗಿನ ಪೊಟರೆ ಇದ್ದು ಹಕ್ಕಿ ಒಳಹೊರಗೆ ಓಡಾಡುತ್ತಿದ್ದಲ್ಲಿ ಮರಿಗಳು ಹಾರಿಹೋಗುವವರೆಗೆ ಕಾಯುವುದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿ ವನ್ಯಪಕ್ಷಿಗಳ ಮೊಟ್ಟೆ ಹಾಗೂ ಗೂಡುಗಳಿಗೆ ಹಾನಿ ಮಾಡುವುದೂ ಬೇಟೆಯ ವ್ಯಾಖ್ಯೆಯಲ್ಲಿ ಸೇರಿದೆ. ಅನುಮತಿಯ ಅಗತ್ಯವಿಲ್ಲದ ತೆಂಗಿನ ಮರದಲ್ಲಿ ಗೂಡಿದ್ದರೂ ಇದನ್ನು ಗಮನಿಸತಕ್ಕದ್ದು.

4. ಸಾಧ್ಯವಿದ್ದಲ್ಲಿ ಮರವನ್ನು ಬುಡಸಮೇತ ತೆಗೆಯುವ ಬದಲು ಅಪಾಯಕಾರಿ ಕೊಂಬೆಗಳನ್ನು ಮಾತ್ರ ತೆಗೆದು ಕಾಂಡವನ್ನು ಉಳಿಸಿಕೊಳ್ಳುವುದು. ಕೊಂಬೆಗೂ ಅನುಮತಿ ಬೇಕೇ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು.

ಒಣಗಿದ ಮರವನ್ನು ಕಡಿಯಲು ಕಾನೂನು ಅವಕಾಶ ನೀಡುತ್ತದೆ, ಉಳಿಸಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಹೊಲದ ಬದುವಿನಲ್ಲಿ ಯಾರಿಗೂ ತೊಂದರೆಯಿಲ್ಲದೆ ನಿಂತಿರುವ ಒಂದು ಒಣಮರವನ್ನು ಉಳಿಸಿದಲ್ಲಿ ಆ ಪ್ರದೇಶದ ಮರಕುಟಿಗಗಳಿಗೆ ಆಹಾರವೂ ಆಶ್ರಯವೂ ದೊರೆಯುತ್ತವೆ. ಸಾರ್ವಜನಿಕರು ಈ ವಿಷಯದಲ್ಲಿ ಸಹಕರಿಸಬೇಕೆಂದು ವಿನಂತಿಸಲಾಗಿದೆ.